ನಾಲ್ಕು ಗಂಟೆಯ ನಾಡಿ

ಟೀ ರೂಮಿನಲ್ಲಿ ಎಲ್ಲರ ಬಳಿಯೂ ಒಂದೊಂದು ಕಥೆ ಇದೆ.
ಮೋರ್ವೆನ್ ಹೇಳುತ್ತಾಳೆ: ಅವಳ ಹಳೆಯ ವಾರ್ಡಿನಲ್ಲಿ
ಹೊಸದಾಗಿ ಬಂದ ಹುಡುಗನೊಬ್ಬ, ಬಹಳ ಶ್ರದ್ಧೆಯವನು,
ಒಂಬತ್ತು ಮುದುಕರ ಕಿವಿಯಂತ್ರ ಕಳಚಿ
ಒಂದೇ ಬೋಗುಣಿಯ ಬಿಸಿನೀರಿಗೆ ಹಾಕಿ ತೊಳೆದನಂತೆ.
ಮರುದಿನ ಇಡೀ ವಾರ್ಡು "ಆಂ?", "ಏನಂದೆ?"
ಗಂಜಿ ಬೇಕೇ ಎಂದರೆ ಗಂಟೆ ಹೇಳುವವರು ಒಬ್ಬರು.
ಬಿಸ್ಕತ್ತಿನ ಪುಡಿ ಹಾರುವ ಹಾಗೆ ನಗುತ್ತೇವೆ.

ಇನ್ನೊಬ್ಬಳದು: ಗಾಯ ಎಡಗಾಲಿನಲ್ಲಿ,
ಬಲಗಾಲಿನ ಕಾಲುಚೀಲ ಸರಿಸಿ ನೋಡಿ
"ಪೂರ್ತಿ ವಾಸಿಯಾಗಿದೆ" ಎಂದು ಬರೆದು ಮನೆಗೆ ಹೋದ ನರ್ಸು.
ಮತ್ತೊಬ್ಬಳದು, ತೀರಿಕೊಂಡವಳ ಬೆರಳಿನ ಉಂಗುರ.
ಇದಕ್ಕೆ ಯಾರೂ ನಗುವುದಿಲ್ಲ.
ಯಾರೋ ಎದ್ದು ಕೆಟಲ್ ಹಚ್ಚುತ್ತಾರೆ.

"ನಿನ್ನದು ಹೇಳೇ ಇಸ್ಬೆಲ್."
ನಾನು ಪುಣ್ಯವಂತೆ, ನನ್ನದೇನೂ ಇಲ್ಲ, ಅನ್ನುತ್ತೇನೆ.

ಪೀಟರ್‌ಹೆಡ್ಡಿನ ಬಂದರು ಕಾಣುವ ಕಿಟಕಿ,
ಆರನೇ ಹಾಸಿಗೆ, ಅಲೆಕ್ ಡತಿ.
ನಲವತ್ತು ವರ್ಷ ಬಲೆ ಎಳೆದ ಕೈ,
ಬೆರಳು ಪೂರ್ತಿ ಮಡಚುತ್ತಿರಲಿಲ್ಲ, ಪೂರ್ತಿ ಬಿಡಿಸಲೂ ಆಗುತ್ತಿರಲಿಲ್ಲ.
ನಾಡಿ ನೋಡಲು ಮಣಿಕಟ್ಟು ಹಿಡಿದರೆ
"ಮೀನು ತೂಗಿದ ಹಾಗೆ ಹಿಡಿಯಬೇಡವೇ ಹುಡುಗಿ"
ಎನ್ನುತ್ತಿದ್ದರು, ಐವತ್ತು ದಾಟಿದ ನನ್ನನ್ನು.

ಫೆಬ್ರವರಿ. ಇಪ್ಪತ್ತೆಂಟು ಹಾಸಿಗೆಗೆ ನಾವಿಬ್ಬರೇ,
ಕಿಟಕಿ ಸಾಲು ಸೆಂಗಾಳದು, ಗೋಡೆ ಸಾಲು ನನ್ನದು.
ಸಂದಿಯಲ್ಲಿ ಗಾಳಿ ರಾತ್ರಿಯಿಡೀ ಸೀಟಿ ಊದಿತು.
ಬೆಳಿಗ್ಗೆ ಆರಕ್ಕೆ ಅವಳು ಎಲ್ಲೂ ಕಾಣದೆ
ಪರದೆ ನಾನೇ ಸರಿಸಿದೆ, ಕೈ ಮುಟ್ಟಿದೆ.
ಈಗಷ್ಟೇ ಆರಿದ ತಣ್ಣಗಲ್ಲ,
ಗೋಡೆ ತಣ್ಣಗಿರುತ್ತದಲ್ಲ, ಹಾಗೆ.
ದವಡೆ ಬಿಗಿದಿತ್ತು.

ಚಾರ್ಟು ಹಾಸಿಗೆಯ ಕಾಲ ಬಳಿ ತೂಗುತ್ತಿತ್ತು:
ಎರಡು ಗಂಟೆ, ನಾಡಿ ಎಪ್ಪತ್ತೆರಡು, ಉಸಿರು ಹದಿನಾರು.
ನಾಲ್ಕು ಗಂಟೆ, ನಾಡಿ ಎಪ್ಪತ್ತನಾಲ್ಕು.
ಒಂದೇ ಅಂಕಿ ಮತ್ತೆ ಬರೆದರೆ ಅನುಮಾನ ಬಂದೀತೆಂದು
ಸತ್ತವರ ರಕ್ತಕ್ಕೆ
ಎರಡು ಬಡಿತ ಕೂಡಿಸಿದ್ದಳು.
ಪಕ್ಕದಲ್ಲಿ ದುಂಡು ಅಕ್ಷರ: ಸುಖನಿದ್ದೆ.

ಸೆಂಗಾ ಬಟ್ಟೆಕೋಣೆಯಲ್ಲಿ, ಕಂಬಳಿಗಳ ರಾಶಿಯ ಮೇಲೆ.
ಶೂ ಕಳಚಿ ಜೋಡಿಸಿಟ್ಟಿದ್ದಳು, ಮನೆಯಲ್ಲಿ ಇಡುವ ಹಾಗೆ.
"ಆರನೇ ಹಾಸಿಗೆ," ಅಂದೆ.
ಕಣ್ಣು ಬಿಡುವ ಮೊದಲೇ ಅವಳು ಕೇಳಿದ್ದು:
"ಬರೆದಾಗಿದೆಯಲ್ಲ?"

ವಿಚಾರಣೆಗೆ ಮೂವರು, ಮೇಜಿನ ಮೇಲೆ ನೀರಿನ ಜಗ್ಗು.
ಕಂಡದ್ದನ್ನು ಕಂಡ ಹಾಗೆ ಹೇಳಿದೆ,
ಕೇಳಿದ್ದಕ್ಕೆ ಮಾತ್ರ.
ಅವರು ಚಾರ್ಟು ತಿರುಗಿಸಿದಾಗಲೆಲ್ಲ
ನನ್ನ ಹೆಗಲನ್ನು ನಾನೇ ಮುಟ್ಟಿ ನೋಡಿಕೊಂಡೆ.
ಸೆಂಗಾಳ ನೋಂದಣಿ ಹೋಯಿತು.
ಈಗ ಮಾರುಕಟ್ಟೆಯ ಹಿಂದೆ ಎಲ್ಲೋ ಮೀನಿನ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಾಳಂತೆ,
ತೂಕ, ತಾರೀಕು, ಹೊತ್ತು.

ಹನ್ನೆರಡರ ಸಾಲನ್ನು ಯಾರೂ ಕೇಳಲಿಲ್ಲ.
ಅವಳು ಊಟಕ್ಕೆ ಹೋಗಿದ್ದಳು, ಆ ಸಾಲು ನನ್ನದು:
ನಾಡಿ ಎಪ್ಪತ್ತೆರಡು, ಉಸಿರು ಹದಿನಾರು.
ಎರಡು ಗಂಟೆಗೆ ಅವಳು ನಕಲು ಮಾಡಿದ್ದು ನನ್ನನ್ನು.
ನಾನು ಬರೆದದ್ದು ಬಾಗಿಲಲ್ಲಿ ನಿಂತು,
ಕೈಯಲ್ಲಿ ಇನ್ನೊಬ್ಬರ ಬೆಡ್‌ಪ್ಯಾನ್ ಇತ್ತು,
ಕಂಬಳಿ ಏರಿಳಿದ ಹಾಗೆ ಕಂಡಿತು.
ಏರಿಳಿಯಿತೇ?
ಆ ಕಿಟಕಿಯ ಗಾಳಿಗೆ ಪರದೆಯೂ ಏರಿಳಿಯುತ್ತದೆ.

ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಸಾಕಲ್ಲ
ಎನ್ನುತ್ತಾಳೆ ಹೋದ ತಿಂಗಳು ಸೇರಿದ ಎಬೆಲೆ.
ಸಾಕು. ನಾನೇ ಎಷ್ಟೋ ಮಂದಿಗೆ ಕಲಿಸಿದ್ದೇನೆ.
ಆದರೂ ಪೂರ್ತಿ ನಿಮಿಷ ಹಿಡಿದು ನಿಲ್ಲುತ್ತೇನೆ,
ಮೀನು ತೂಗಿದ ಹಾಗಲ್ಲ.
ತುಟಿ ಅಲುಗುವುದು ಕಂಡು ನಿನ್ನೆ ರಾತ್ರಿ ಅವಳು ಮೆಲ್ಲಗೆ ಕೇಳಿದಳು,
"ಪ್ರಾರ್ಥನೆಯೇ?"
ನಲವತ್ತಮೂರೋ ನಲವತ್ತನಾಲ್ಕೋ, ಲೆಕ್ಕ ತಪ್ಪಿತು.
ಮತ್ತೆ ಒಂದರಿಂದ ಶುರು ಮಾಡಿದೆ.